ಯಾರಿಗಾದರೂ ಒಪ್ಪಿಸಿ: ಒಳ್ಳೆಯ ಅಭ್ಯಾಸಕ್ಕೆ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳುವುದು ಹೇಗೆ

ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮಗ್ಗಿ ಒಪ್ಪಿಸಬೇಕಿತ್ತು. ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ನಾವು ಎದುರಿಗೆ ನಿಂತು ಹದಿನೇಳೊಂದ್ಲ ಹದಿನೇಳು ಅಂತ ಶುರು ಮಾಡುತ್ತಿದ್ದೆವು. ಅಜ್ಜಿಗೆ ಹತ್ತರ ಮಗ್ಗಿಯಿಂದ ಮುಂದೆ ಬರುತ್ತಲೇ ಇರಲಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವರು ಸರಿ ತಪ್ಪು ನೋಡುತ್ತಿರಲಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಿದ್ದರು. ಆದರೂ ನಾವು ಕಲಿತೆವು. ಸಂಜೆ ಒಪ್ಪಿಸಬೇಕಲ್ಲ, ಹಾಗಾಗಿ ಮಧ್ಯಾಹ್ನವೇ ಒಂದು ಸಲ ಕಣ್ಣಾಡಿಸಿ ಇಟ್ಟುಕೊಂಡಿರುತ್ತಿದ್ದೆವು.

ದೊಡ್ಡವರಾದ ಮೇಲೆ ಒಪ್ಪಿಸಿಕೊಳ್ಳುವವರು ಕಮ್ಮಿಯಾಗುತ್ತಾರೆ. ಆಫೀಸಿನ ಕೆಲಸಕ್ಕೆ ಮೇಲಿನವರಿದ್ದಾರೆ, ಸಾಲದ ಕಂತಿಗೆ ಬ್ಯಾಂಕ್ ಇದೆ. ಬೆಳಗಿನ ನಡಿಗೆಗೆ, ಓದಿಗೆ, ಮಾತ್ರೆಗೆ ಯಾರಿದ್ದಾರೆ? ಎರಡು ವರ್ಷದ ಹಿಂದೆ ಡಾಕ್ಟರು ನನಗೆ ಶುಗರ್ ಗಡಿಯಲ್ಲಿದೆ, ನಡೀರಿ ಅಂದರು. ದುಬಾರಿ ಶೂ ತಂದೆ. ಹನ್ನೊಂದು ದಿನ ನಡೆದೆ. ಆಮೇಲೆ ಶೂ ಬಾಗಿಲ ಹಿಂದೆ, ನಾನು ಹೊದಿಕೆ ಒಳಗೆ. ಮತ್ತೆ ಶುರುವಾಗಿದ್ದು ಎದುರು ಮನೆಯ ನಿವೃತ್ತ ಮೇಷ್ಟ್ರ ದೆಸೆಯಿಂದ. ಅವರು ಬಿಪಿ ಮಾತ್ರೆ ಮರೆಯುತ್ತಿದ್ದರು, ನಾನು ನಡಿಗೆ ತಪ್ಪಿಸುತ್ತಿದ್ದೆ. ಒಬ್ಬರಿಗೊಬ್ಬರು ಒಪ್ಪಿಸೋಣ ಅಂತ ಮಾತಾಯಿತು. ಅದರಲ್ಲಿ ಏನು ನಡೆಯಿತು, ಏನು ಕೆಟ್ಟಿತು ಅನ್ನುವುದನ್ನೂ ಸೇರಿಸಿ, ನೀವೇ ಮಾಡಿಕೊಳ್ಳಲು ಬೇಕಾದ ಕ್ರಮ ಹೇಳುತ್ತೇನೆ.

ಹೆಜ್ಜೆ 1: ಹೌದು ಅಥವಾ ಇಲ್ಲ ಅನ್ನುವ ಹಾಗೆ ಅಭ್ಯಾಸವನ್ನು ಕತ್ತರಿಸಿ

‘ಆರೋಗ್ಯ ನೋಡಿಕೊಳ್ಳುತ್ತೇನೆ’ ಅನ್ನುವುದನ್ನು ಯಾರಿಗೂ ಒಪ್ಪಿಸಲು ಆಗುವುದಿಲ್ಲ. ಸಂಜೆ ಯಾರಾದರೂ ‘ನೋಡಿಕೊಂಡೆಯಾ?’ ಅಂದರೆ ಏನು ಹೇಳುತ್ತೀರಿ? ‘ಬೆಳಿಗ್ಗೆ 6 ಗಂಟೆಗೆ ಗೇಟಿನ ಹೊರಗೆ ನಿಂತಿರುತ್ತೇನೆ, 30 ನಿಮಿಷ ನಡೆಯುತ್ತೇನೆ’ ಅನ್ನಿ. ಇದಕ್ಕೆ ಆಯ್ತು ಅಥವಾ ಇಲ್ಲ, ಎರಡೇ ಉತ್ತರ.

ಅಳತೆ ಎಷ್ಟಿರಬೇಕು ಅನ್ನುವುದಕ್ಕೆ ಗಾಳಿಯಲ್ಲಿ ಅಂಕಿ ಹಿಡಿಯಬೇಡಿ. ನಡಿಗೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಕೆಳಗಿನ ಅಂಕಿಯನ್ನು ಹಿಡಿದರೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಏಳೂ ದಿನ ಅಂತ ನಾನು ಹೊರಟಿದ್ದೆ, ಅದಕ್ಕೇ ಹನ್ನೊಂದೇ ದಿನಕ್ಕೆ ಮಲಗಿದೆ. ವಾರದಲ್ಲಿ ಎರಡು ದಿನ ಮಳೆಗೆ, ಮದುವೆಗೆ, ನೆಂಟರಿಗೆ ಅಂತ ಮೊದಲೇ ಬಿಟ್ಟುಬಿಡಿ.

ಇನ್ನೊಂದು ಮಾತು. ಫಲವನ್ನು ಒಪ್ಪಿಸಲು ಹೋಗಬೇಡಿ, ಮಾಡಿದ್ದನ್ನು ಒಪ್ಪಿಸಿ. ‘ಈ ವಾರ ಒಂದು ಕೆಜಿ ಇಳಿಸುತ್ತೇನೆ’ ಅಂದರೆ ಅದು ನಿಮ್ಮ ಕೈಯಲ್ಲಿಲ್ಲ. ರಾತ್ರಿ ಎಂಟಕ್ಕೆ ಊಟ ಮುಗಿಸುವುದು ನಿಮ್ಮ ಕೈಯಲ್ಲಿದೆ.

ಹೆಜ್ಜೆ 2: ಜೊತೆಗಾರರನ್ನು ಆರಿಸಿ (ಇಲ್ಲೇ ಜಾಸ್ತಿ ಜನ ಎಡವುವುದು)

ನಮಗೆ ಮೊದಲು ನೆನಪಾಗುವುದು ಹೆಂಡತಿ ಅಥವಾ ಗಂಡ. ಬೇಡ. ‘ಇವತ್ತು ನಡೆದಿಲ್ವಲ್ಲ’ ಅನ್ನುವ ಮಾತು ಮನೆಯೊಳಗೆ ಬಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಗ್ಯಾಸ್ ಬುಕ್ ಮಾಡದಿರುವುದು, ಕರೆಂಟ್ ಬಿಲ್ ಕಟ್ಟದಿರುವುದು ಎಲ್ಲಾ ಹಿಂದೆಯೇ ಸಾಲಾಗಿ ಬರುತ್ತವೆ. ತೀರಾ ಹತ್ತಿರದ ಗೆಳೆಯನೂ ಕಷ್ಟ. ಅವನು ‘ಬಿಡೋ, ನಾಳೆ ನೋಡೋಣ, ಬಾ ಕಾಫಿ ಕುಡಿಯೋಣ’ ಅಂತ ಮೊದಲ ದಿನವೇ ಕ್ಷಮಿಸಿಬಿಡುತ್ತಾನೆ. ಉಪದೇಶ ಮಾಡುವ ಚಟ ಇರುವವರಂತೂ ಬೇಡವೇ ಬೇಡ.

ನನ್ನ ಪ್ರಕಾರ ಸರಿಯಾದವರು ಅಂದರೆ ನೀವು ಮರ್ಯಾದೆ ಕೊಡುವವರು, ಆದರೆ ಹೆದರದವರು. ದಿನಾ ಒಂದು ಸಲ ಕಣ್ಣಿಗೆ ಅಥವಾ ಫೋನಿಗೆ ಸಿಗುವವರು. ಎಲ್ಲಕ್ಕಿಂತ ಮುಖ್ಯವಾಗಿ, ಅವರಿಗೂ ಒಪ್ಪಿಸಲು ಏನಾದರೂ ಇರಬೇಕು. ಒಂದೇ ಅಭ್ಯಾಸ ಆಗಬೇಕಿಲ್ಲ. ನನ್ನದು ನಡಿಗೆ, ಮೇಷ್ಟ್ರದು ಮಾತ್ರೆ. ಒಬ್ಬರೇ ಒಪ್ಪಿಸಿ ಇನ್ನೊಬ್ಬರು ಬರೀ ಕೇಳುತ್ತಿದ್ದರೆ, ಕೇಳುವವರು ಸ್ವಲ್ಪ ದಿನಕ್ಕೆ ಮಾನಿಟರ್ ಆಗಿಬಿಡುತ್ತಾರೆ. ಕ್ಲಾಸಿನಲ್ಲಿ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾನಿಟರ್ ನೆನಪಿದ್ದಾನಲ್ವಾ? ಅವನು ಯಾರಿಗೆ ಇಷ್ಟ?

ಒಂದೇ ಅಭ್ಯಾಸವನ್ನು ಜೊತೆಯಾಗಿ ಮಾಡುವವರಿಗೆ ಒಂದು ಹಳೆಯ ಪ್ರಯೋಗ ಹೇಳಬೇಕು. 1926ರಲ್ಲಿ ಒಟ್ಟೊ ಕೋಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಬರ್ಲಿನ್‌ನ ದೋಣಿ ಹುಟ್ಟುಹಾಕುವ ಕ್ಲಬ್ಬಿನವರ ಕೈಗೆ ಭಾರದ ಕಂಬಿ ಕೊಟ್ಟು, ಸೋಲುವ ತನಕ ಎತ್ತಿಸಿದರು. ಒಂಟಿಯಾಗಿ ಎತ್ತಿದ್ದಕ್ಕಿಂತ ಜೋಡಿಯಲ್ಲಿ ಎತ್ತಿದಾಗ ಇಬ್ಬರಲ್ಲಿ ಬಲ ಕಮ್ಮಿ ಇದ್ದವನು ಜಾಸ್ತಿ ಹೊತ್ತು ತಡೆದುಕೊಂಡ. ತಾನು ಕೈಬಿಟ್ಟರೆ ಇನ್ನೊಬ್ಬನೂ ನಿಲ್ಲಿಸಬೇಕಾಗುತ್ತದಲ್ಲ, ಆ ಸಂಕೋಚ. ಆದರೆ ಈ ಲಾಭ ಕಂಡಿದ್ದು ಇಬ್ಬರ ಬಲದಲ್ಲಿ ಮಧ್ಯಮ ಅಂತರ ಇದ್ದಾಗ. ಇಬ್ಬರೂ ಒಂದೇ ಸಮ ಇದ್ದರೂ, ಅಜಗಜಾಂತರ ಇದ್ದರೂ ಅಷ್ಟು ಕಾಣಲಿಲ್ಲ. ಅಂದರೆ ಮ್ಯಾರಥಾನ್ ಓಡುವ ಭಾವಮೈದುನನ ಜೊತೆ ನೀವು ಮೊದಲ ದಿನ ಹೋಗಬೇಡಿ. ನಿಮಗಿಂತ ಒಂದು ಸುತ್ತು ಜಾಸ್ತಿ ನಡೆಯುವವರು ಸಾಕು.

ಹೆಜ್ಜೆ 3: ಗ್ರೂಪ್ ಮಾಡಬೇಡಿ, ಊರಿಗೆಲ್ಲ ಸಾರಬೇಡಿ

ನಾನು ಮೊದಲು ಮಾಡಿದ ತಪ್ಪು ಇದೇ. ನಲವತ್ತು ಜನರ ವಾಟ್ಸಾಪ್ ಗ್ರೂಪ್. ಮೊದಲ ವಾರ ಶೂಗಳ ಫೋಟೋ, ಎರಡನೇ ವಾರ ಸೂರ್ಯೋದಯದ ಫೋಟೋ, ಮೂರನೇ ವಾರದಿಂದ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ನಾನು ನಡೆದಿಲ್ಲ ಅಂತ ಒಬ್ಬರೂ ಗಮನಿಸಲಿಲ್ಲ. ಗಮನಿಸಬೇಕಾದವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ.

ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರಲ್ಲಿ ಎಳೆಯುವವರೆಷ್ಟು, ಬರೀ ಮುಟ್ಟಿ ನಡೆಯುವವರೆಷ್ಟು ಅಂತ ಯಾವತ್ತಾದರೂ ನೋಡಿದ್ದೀರಾ? ಫ್ರಾನ್ಸ್‌ನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಇದನ್ನೇ ಅಳೆದು 1913ರಲ್ಲಿ ಪ್ರಕಟಿಸಿದರು. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಇಳಿಯುತ್ತಾ ಹೋಯಿತು. ಎಂಟು ಜನ ಆಗುವ ಹೊತ್ತಿಗೆ, ಒಂಟಿಯಾಗಿ ಎಳೆಯುತ್ತಿದ್ದುದರ ಸುಮಾರು ಅರ್ಧಕ್ಕೆ ಬಂದಿತ್ತು. ಹೊಂದಾಣಿಕೆ ತಪ್ಪುವುದೂ ಇದಕ್ಕೆ ಕಾರಣ, ಸೋಮಾರಿತನ ಒಂದೇ ಅಲ್ಲ. ನಮ್ಮ ಕೆಲಸಕ್ಕೆ ಬೇಕಾದ ಪಾಠ ಇಷ್ಟೇ: ಇಬ್ಬರು, ಹೆಚ್ಚೆಂದರೆ ಮೂವರು.

ಸಾರುವ ವಿಷಯ. ‘ನಾನು ಈ ವರ್ಷ ಐಎಎಸ್ ಬರೀತೀನಿ’ ಅಂತ ಸ್ಟೇಟಸ್ ಹಾಕಿದ ಕೂಡಲೇ ಐವತ್ತು ಜನ ಭೇಷ್ ಅನ್ನುತ್ತಾರೆ. ಅರ್ಧ ಬರೆದಷ್ಟೇ ಖುಷಿ ಅಲ್ಲೇ ಸಿಕ್ಕಿಬಿಡುತ್ತದೆ. ಪೀಟರ್ ಗೋಲ್ವಿಟ್ಸರ್ ಮತ್ತು ಜೊತೆಯವರು 2009ರಲ್ಲಿ ಕಾನೂನು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ತಮ್ಮ ಸಂಕಲ್ಪ ಬೇರೆಯವರಿಗೆ ಗೊತ್ತಾಗಿದೆ ಅಂತ ತಿಳಿದವರು, ಗೊತ್ತಾಗದೆ ಇದ್ದವರಿಗಿಂತ ಕಮ್ಮಿ ಹೊತ್ತು ಕೆಲಸ ಮಾಡಿದರು. ಹಾಗಾದರೆ ಹೇಳಲೇಬಾರದಾ? ‘ಮಾಡುತ್ತೇನೆ’ ಅಂತ ಹೇಳುವುದು ಬೇರೆ, ‘ಮಾಡಿದೆ’ ಅಂತ ಒಪ್ಪಿಸುವುದು ಬೇರೆ. ನಮಗೆ ಬೇಕಾಗಿರುವುದು ಎರಡನೆಯದು.

ಹೆಜ್ಜೆ 4: ಒಂದು ಹೊತ್ತು, ಒಂದು ಸಾಲು

ಇದೇ ಈ ವ್ಯವಸ್ಥೆಯ ಬೆನ್ನೆಲುಬು. ಹೊತ್ತು ಗೊತ್ತು ಮಾಡಿ. ನಮ್ಮದು ರಾತ್ರಿ 8. ಅಷ್ಟರೊಳಗೆ ಮೆಸೇಜ್ ಹೋಗಬೇಕು. ಆಗಿದ್ದರೂ ಹೋಗಬೇಕು, ಆಗದಿದ್ದರೂ ಹೋಗಬೇಕು. ನಮ್ಮ ಮೆಸೇಜುಗಳು ಹೀಗಿರುತ್ತವೆ:

‘ಆಯ್ತು ಮೇಷ್ಟ್ರೇ. 34 ನಿಮಿಷ.’
‘ಮಾತ್ರೆ ಆಯ್ತಪ್ಪಾ, ತಿಂಡಿ ಆದ ಮೇಲೆ.’
‘ಇಲ್ಲ. ರಾತ್ರಿ ಮಲಗಿದ್ದೇ ಒಂದು ಗಂಟೆ.’
‘ಸರಿ. ನಾಳೆ ಎಷ್ಟು ಗಂಟೆಗೆ?’

ಕೊನೆಯ ಸಾಲನ್ನು ನೋಡಿ. ‘ಇಲ್ಲ’ ಅಂದವರಿಗೆ ಕೊಡಬೇಕಾದ ಉತ್ತರ ಅದೊಂದೇ. ಬೈಗುಳ ಬೇಡ, ಸಮಾಧಾನವೂ ಬೇಡ. ನಾಳೆ ಎಷ್ಟು ಗಂಟೆಗೆ, ಎಲ್ಲಿಂದ ಹೊರಡುತ್ತೀಯಾ ಅಂತ ಕೇಳಿದಾಗ, ಉತ್ತರ ಕೊಡಬೇಕಾದವರು ತಮಗೆ ತಾವೇ ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳುತ್ತಾರೆ. ಬರೀ ‘ನಾಳೆ ಖಂಡಿತ’ ಅನ್ನುವುದಕ್ಕಿಂತ ಇದು ಎಷ್ಟೋ ಗಟ್ಟಿ.

ಮೇಷ್ಟ್ರು ಮೊದಮೊದಲು ಉದ್ದುದ್ದ ಬರೆಯುತ್ತಿದ್ದರು. ಮಾತ್ರೆ ತಗೊಂಡ ವಿಷಯ ಒಂದು ಸಾಲು, ಅವತ್ತಿನ ಸೊಪ್ಪಿನ ರೇಟು ಹತ್ತು ಸಾಲು. ಚೆನ್ನಾಗಿತ್ತು, ಆದರೆ ಒಂದು ದಿನ ಅವರಿಗೇ ಬರೆಯಲು ಬೇಜಾರಾಗಿ ಮೆಸೇಜ್ ನಿಂತಿತು. ಅದಕ್ಕೇ ಒಂದು ಸಾಲಿನ ನಿಯಮ. ಮಾತು ಬೇಕಾದರೆ ಭಾನುವಾರ ಕಟ್ಟೆಯ ಮೇಲೆ ಕೂತು ಆಡಬಹುದು.

ಒಪ್ಪಿಸುವುದು ಸುಲಭ ಇದ್ದಷ್ಟೂ ಒಳ್ಳೆಯದು ಅನ್ನುವುದನ್ನು ನಾನು ಕ್ಷಯರೋಗದ ಚಿಕಿತ್ಸೆಯಿಂದ ಕಲಿತೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳಾದರೂ ಮಾತ್ರೆ ನುಂಗಬೇಕು. ಕೆಲವು ವಾರಕ್ಕೇ ಕೆಮ್ಮು ಕಮ್ಮಿಯಾಗಿ ಜನ ಬಿಟ್ಟುಬಿಡುತ್ತಾರೆ. ಅದಕ್ಕಾಗಿ 1997ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಡಾಟ್ಸ್ ಪದ್ಧತಿ ಬಂತು, 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ರೋಗಿ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯಂಥವರ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ದೇಶದ ಉದ್ದಗಲಕ್ಕೂ ನಡೆದ ‘ಒಪ್ಪಿಸುವ’ ಕೆಲಸ ಅದು. ಆದರೆ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಬರೀ ಎದುರು ನಿಂತು ನೋಡುವುದರಿಂದ ಗುಣವಾಗುವವರು ಸ್ಪಷ್ಟವಾಗಿ ಹೆಚ್ಚುತ್ತಾರೆ ಅಂತ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಕೂಲಿ ಬಿಟ್ಟು, ಬಸ್ಸು ಹಿಡಿದು, ಯಾರೋ ನೋಡಲಿ ಅಂತ ಮಾತ್ರೆ ನುಂಗಲು ಹೋಗುವುದು ಎಷ್ಟು ದಿನ ಆದೀತು?

ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ 99ಡಾಟ್ಸ್ ಅಂತ ಒಂದು ಉಪಾಯ ಹುಟ್ಟಿತು. ಮಾತ್ರೆ ಪಟ್ಟಿಯನ್ನು ಒಂದು ರಟ್ಟಿನ ಹೊದಿಕೆಯಲ್ಲಿ ಇಡುತ್ತಾರೆ. ಮಾತ್ರೆ ಒತ್ತಿ ತೆಗೆದರೆ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಆ ನಂಬರಿಗೆ ಪುಕ್ಕಟೆ ಕರೆ ಮಾಡಿದರೆ ಲೆಕ್ಕ ಮುಟ್ಟಿತು. ಕರೆ ಬರದಿದ್ದರೆ ಆರೋಗ್ಯ ಕಾರ್ಯಕರ್ತರು ವಿಚಾರಿಸುತ್ತಾರೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಅಕ್ಷರ ಬರಬೇಕೆಂದಿಲ್ಲ. ನಿಮ್ಮ ವ್ಯವಸ್ಥೆಯೂ ಇಷ್ಟು ಹಗುರ ಇರಲಿ. ಮೆಸೇಜ್ ಟೈಪ್ ಮಾಡಲು ಬಾರದ ಅತ್ತೆಗೆ ಒಂದು ಮಿಸ್ಡ್ ಕಾಲ್ ಸಾಕು.

ಹೆಜ್ಜೆ 5: ದಂಡದ ವಿಷಯ ಎರಡು ಸಲ ಯೋಚಿಸಿ

ನಾವೂ ಇಟ್ಟಿದ್ದೆವು. ತಪ್ಪಿಸಿದ ದಿನ 50 ರೂಪಾಯಿ ಡಬ್ಬಿಗೆ. ಎರಡನೇ ವಾರ ನನ್ನ ತಲೆ ಹೀಗೆ ಓಡಿತು: ಐವತ್ತು ತಾನೇ, ಮಲಗೋಣ. ಮಲಗುವ ಹಕ್ಕನ್ನು ದುಡ್ಡು ಕೊಟ್ಟು ಕೊಂಡ ಹಾಗಾಯಿತು. ಮೊದಲು ಮೇಷ್ಟ್ರ ಮುಖ ನೋಡಲು ನಾಚಿಕೆ ಆಗುತ್ತಿತ್ತು, ದಂಡ ಕಟ್ಟಿದ ಮೇಲೆ ಆ ನಾಚಿಕೆಯೂ ಹೋಯಿತು.

ಇಸ್ರೇಲಿನ ಹೈಫಾದಲ್ಲಿ ಹೀಗೇ ಆಗಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ ಕೆಲವು ಶಿಶುವಿಹಾರಗಳು ದಂಡ ಹಾಕಿದವು. ತಡವಾಗಿ ಬರುವವರು ಕಮ್ಮಿಯಾಗುವ ಬದಲು ಸುಮಾರು ಎರಡು ಪಟ್ಟಾದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದು.

ಹಾಗಂತ ದುಡ್ಡು ಎಲ್ಲೂ ಕೆಲಸ ಮಾಡುವುದಿಲ್ಲ ಅಂತಲ್ಲ. ಫಿಲಿಪೈನ್ಸ್‌ನಲ್ಲಿ ಸಿಗರೇಟು ಬಿಡಬೇಕೆಂದವರಿಗೆ ಒಂದು ಬ್ಯಾಂಕ್ ಉಳಿತಾಯ ಖಾತೆ ತೆರೆಯುವ ಅವಕಾಶ ಕೊಟ್ಟಿತು. ಆರು ತಿಂಗಳ ನಂತರ ಮೂತ್ರ ಪರೀಕ್ಷೆ. ಪಾಸಾದರೆ ದುಡ್ಡು ವಾಪಸ್, ಇಲ್ಲದಿದ್ದರೆ ದಾನಕ್ಕೆ. ಅವಕಾಶ ಸಿಕ್ಕ ನೂರು ಜನರಲ್ಲಿ ಹನ್ನೊಂದು ಜನ ಮಾತ್ರ ಒಪ್ಪಿದರು. ಆದರೂ ಅವಕಾಶ ಸಿಕ್ಕವರ ಗುಂಪಿನಲ್ಲಿ ಪಾಸಾದವರು ಉಳಿದವರಿಗಿಂತ ಶೇಕಡಾ 3 ಅಂಶದಷ್ಟು ಹೆಚ್ಚು. ಅಲ್ಲಿ ಹೋಗುವ ದುಡ್ಡು ದೊಡ್ಡದು, ಪರೀಕ್ಷೆಗೆ ಸುಳ್ಳು ಹೇಳಲು ಆಗುವುದಿಲ್ಲ. ನಮ್ಮ ಐವತ್ತರ ಡಬ್ಬಿಗೆ ಎರಡೂ ಇರಲಿಲ್ಲ.

ನಮ್ಮ ಕಡೆಯ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಸಭೆಗೆ ತಡವಾದರೆ ದಂಡ ಇರುವುದುಂಟು. ಅಲ್ಲಿ ಅದು ನಡೆಯುತ್ತದೆ, ಆದರೆ ದಂಡದಿಂದಲ್ಲ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದ ನಡುವೆ ಇಂಥ ಸಂಘಗಳನ್ನು ಕಟ್ಟುತ್ತಾ ಬಂತು. 1992ರಲ್ಲಿ ನಬಾರ್ಡ್ 500 ಸಂಘಗಳ ಗುರಿ ಇಟ್ಟುಕೊಂಡು ಅವುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರು ಮಾಡಿತು. ಹತ್ತರಿಂದ ಇಪ್ಪತ್ತು ಜನ, ವಾರಕ್ಕೊಂದು ಸಭೆ, ಎಲ್ಲರೆದುರು ಉಳಿತಾಯದ ದುಡ್ಡು ಕೊಟ್ಟು ಪುಸ್ತಕದಲ್ಲಿ ಬರೆಸುವುದು. ಇಪ್ಪತ್ತು ಜನ ಇದ್ದರೆ ರಿಂಗೆಲ್‌ಮನ್ ಹಗ್ಗದ ಹಾಗೆ ಆಗಬೇಕಿತ್ತಲ್ಲ ಅನ್ನಬಹುದು. ಆಗದಿರುವುದಕ್ಕೆ ಕಾರಣ ಆ ಪುಸ್ತಕ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ಅಂಕಿ ಬೇರೆ ಬೇರೆ ಕಾಣುತ್ತದೆ. ಮೂವರಿಗಿಂತ ಜಾಸ್ತಿ ಜನ ಸೇರಲೇಬೇಕಾದರೆ ನೀವೂ ಹೀಗೆ ಹೆಸರು ಹೆಸರಿಗೂ ಒಂದು ಕಾಲಮ್ ಇಡಿ.

ಹೆಜ್ಜೆ 6: ತಪ್ಪಿದ ದಿನಕ್ಕೆ ಮೊದಲೇ ಒಪ್ಪಂದ ಮಾಡಿಕೊಳ್ಳಿ

ತಪ್ಪುತ್ತದೆ. 21 ದಿನ ಮಾಡಿದರೆ ಅಭ್ಯಾಸ ಅಂಟಿಕೊಳ್ಳುತ್ತದೆ ಅನ್ನುವುದನ್ನು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿ ಆಗುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಲೆಕ್ಕದ ಅಂದಾಜಿನಲ್ಲಿ 254 ದಿನ ಬೇಕಿತ್ತು. ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ.

ನಮ್ಮ ಒಪ್ಪಂದ ಮೂರು ಮಾತಿನದು. ಒಂದು ದಿನ ತಪ್ಪಿದರೆ ‘ಇಲ್ಲ’ ಅಂತ ಕಳಿಸಿದರೆ ಸಾಕು. ಸತತ ಎರಡು ದಿನ ತಪ್ಪಿದರೆ ಫೋನ್. ಮೂರನೇ ದಿನವೂ ಆಗದಿದ್ದರೆ ಮನೆಗೆ ಬರುವುದು. ಮೇಷ್ಟ್ರು ಒಂದೇ ಸಲ ಬಂದಿದ್ದಾರೆ. ಬೆಳಿಗ್ಗೆ ಆರಕ್ಕೆ ಸ್ವೆಟರ್, ಮಂಕಿ ಟೋಪಿ ಹಾಕಿ ಗೇಟಿನ ಹತ್ತಿರ ನಿಂತಿದ್ದರು. ಏನೂ ಅನ್ನಲಿಲ್ಲ. ನಾನು ಶೂ ಲೇಸ್ ಕಟ್ಟುವ ತನಕ ಕಾದರು.

ಸುಳ್ಳಿನ ವಿಷಯ ಸ್ವಲ್ಪ ನಾಜೂಕು. ನಡೆಯದೆ ‘ಆಯ್ತು’ ಅಂತ ಒಂದು ದಿನ ನಾನೂ ಕಳಿಸಿದ್ದೇನೆ. ಸುಳ್ಳು ಹೇಳಬೇಕು ಅನ್ನಿಸಿತು ಅಂದರೆ ಎರಡರಲ್ಲಿ ಒಂದು: ಗುರಿ ನಿಮಗೆ ಜಾಸ್ತಿಯಾಗಿದೆ, ಅಥವಾ ಕೇಳುವವರು ನಿಮಗೆ ಭಯ ಹುಟ್ಟಿಸುತ್ತಿದ್ದಾರೆ. ನನ್ನದು ಮೊದಲನೆಯದು. ಆ ತಿಂಗಳು ಆಫೀಸಿನಲ್ಲಿ ಕೆಲಸ ವಿಪರೀತ. 30 ನಿಮಿಷವನ್ನು 15ಕ್ಕೆ ಇಳಿಸಿಕೊಂಡೆ, ಸುಳ್ಳು ತಾನಾಗಿ ನಿಂತಿತು.

ಹೆಜ್ಜೆ 7: ಇದಕ್ಕೆ ಹೊಂದದ ವಿಷಯಗಳನ್ನು ಬೇರೆ ಇಡಿ

ಕುಡಿತದ ಚಟವನ್ನು ಎದುರು ಮನೆಯವರಿಗೆ ಒಪ್ಪಿಸಿ ಬಿಡಲು ಹೊರಡಬೇಡಿ. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. ಮನಸ್ಸಿನ ತೊಂದರೆಗೆ 14416 ನಂಬರಿನ ಟೆಲಿ ಮಾನಸ್‌ಗೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ಜೊತೆಗೆ ಜೊತೆಗಾರರು ಬೇಕಾದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾಗಿ, ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಹೊಸದಾಗಿ ಬಂದವರಿಗೆ ಅದೇ ದಾರಿಯಲ್ಲಿ ಮೊದಲೇ ನಡೆದವರೊಬ್ಬರು ಜೊತೆಯಾಗುತ್ತಾರೆ. ಊಟ ಬಿಡುವುದು, ತೂಕದ ಬಗ್ಗೆ ಅತಿಯಾದ ಚಿಂತೆ, ಇಂಥವಕ್ಕೂ ದಿನದ ಲೆಕ್ಕ ಒಳ್ಳೆಯದಲ್ಲ.

ಹೆಜ್ಜೆ 8: ತಿಂಗಳಿಗೊಮ್ಮೆ ಕೂತು ತಿದ್ದಿ

ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಸಾಕು. ಮೂರು ಪ್ರಶ್ನೆ: ವಾರದ ಯಾವ ದಿನ ಜಾಸ್ತಿ ತಪ್ಪಿತು? ಗುರಿ ಏರಿಸಬೇಕಾ, ಇಳಿಸಬೇಕಾ? ಇನ್ನೂ ಒಂದು ತಿಂಗಳು ಮುಂದುವರಿಸೋಣವಾ? ಮೂರನೆಯದನ್ನು ಬಾಯಿ ಬಿಟ್ಟು ಕೇಳಲೇಬೇಕು. ಇಲ್ಲದಿದ್ದರೆ ಸಾಕಾದವರು ಹೇಳಲು ಸಂಕೋಚಪಟ್ಟು, ಮೆಸೇಜಿಗೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ. ಜೊತೆಗೆ ಸ್ನೇಹವೂ ತಣ್ಣಗಾಗುತ್ತದೆ.

ನನ್ನ ಲೆಕ್ಕ ನೋಡಿದಾಗ ಸೋಮವಾರಗಳೇ ಜಾಸ್ತಿ ಖಾಲಿ ಇದ್ದವು. ಭಾನುವಾರ ರಾತ್ರಿ ಸಿನಿಮಾ ನೋಡುತ್ತಿದ್ದೆ. ಸೋಮವಾರವನ್ನೇ ರಜೆ ಮಾಡಿಕೊಂಡೆ, ಜಗಳ ಮುಗಿಯಿತು.

ಜೊತೆಗಾರರು ಊರು ಬಿಟ್ಟರೆ ವ್ಯವಸ್ಥೆ ನಿಲ್ಲಬೇಕಿಲ್ಲ. ಮೇಷ್ಟ್ರು ಎರಡು ತಿಂಗಳು ಶಿವಮೊಗ್ಗದ ಮಗಳ ಮನೆಯಲ್ಲಿದ್ದಾಗ ಎಂಟು ಗಂಟೆಯ ಸಾಲು ತಪ್ಪಲಿಲ್ಲ. ವಿದೇಶದಲ್ಲಿರುವವರ ಜೊತೆಯಾದರೆ ಇಬ್ಬರಿಗೂ ಎಚ್ಚರ ಇರುವ ಒಂದು ಹೊತ್ತು ನೋಡಿಕೊಳ್ಳಿ. ಅವರ ರಾತ್ರಿಯ ಲೆಕ್ಕ ನಿಮ್ಮ ಬೆಳಗಿನ ಕಾಫಿಗೆ ಬಂದರೂ ಅಡ್ಡಿಯಿಲ್ಲ.

ಒಂದು ಅಭ್ಯಾಸ ಗಟ್ಟಿಯಾದ ಮೇಲೆ ದಿನದ ಸಾಲನ್ನು ವಾರಕ್ಕೆ ಇಳಿಸಿ, ಆಮೇಲೆ ಬಿಟ್ಟುಬಿಡಿ. ಬಿಟ್ಟ ಜಾಗಕ್ಕೆ ಹೊಸದನ್ನು ತರಬಹುದು. ಮೇಷ್ಟ್ರು ಈಗ ಮಾತ್ರೆಯ ಲೆಕ್ಕ ಕೊಡುತ್ತಿಲ್ಲ, ಅದು ತಿಂಡಿಯ ಜೊತೆ ಅಂಟಿಕೊಂಡಿದೆ. ಹೋದ ತಿಂಗಳಿಂದ ಅವರು ಒಪ್ಪಿಸುತ್ತಿರುವುದು ಕಾಫಿಯ ಲೆಕ್ಕ, ದಿನಕ್ಕೆ ಐದರಿಂದ ಎರಡಕ್ಕೆ ಇಳಿಸುವುದು ಗುರಿ. ನಿನ್ನೆ ರಾತ್ರಿ ಬಂದ ಸಾಲು: ‘ಮೂರು. ಮೂರನೆಯದು ಅರ್ಧ ಲೋಟ.’ ನಾನು ಕಳಿಸಿದ್ದು: ‘ಸರಿ ಮೇಷ್ಟ್ರೇ. ನಾಳೆ ಎಷ್ಟು?’